ತೇಳು, ತೇಲು, ಚೇಳು

ಕೋಲಾರ ಸೀಮೆಯ ಆವನಿ ಬೆಟ್ಟದ ಬುಡದಲ್ಲಿ ಮಕ್ಕಳು ಕಲ್ಲಿಗೆ ಕೈ ಹಾಕಿದರೆ ದೊಡ್ಡವರ ಬಾಯಿಂದ ಒಂದು ಮಾತು ತಾನಾಗಿ ಬರುತ್ತದೆ. ನಮ್ಮ ಅಜ್ಜಿ, ನಾವು ಕರೆಯುತ್ತಿದ್ದ ಹಾಗೆ ಅವ್ವ, ಅದನ್ನು ತೆಲುಗಿನಲ್ಲಿ ಹೇಳುತ್ತಿದ್ದಳು: “ರಾಯಿ ಎತ್ತೊದ್ದುರಾ, ತೇಲುಂಟುಂದಿ.” ಶಾಲೆಯಲ್ಲಿ ಮೇಷ್ಟ್ರು ಕನ್ನಡದಲ್ಲಿ ಹೇಳುತ್ತಿದ್ದರು: “ಕಲ್ಲು ತೆಗೀಬೇಡ್ರೋ, ಚೇಳಿರ್ತದೆ.” ಚಿನ್ನದ ಗಣಿಯ ಕಡೆಯಿಂದ ಬರುತ್ತಿದ್ದ ತಮಿಳು ಮಾತಿನ ನೆಂಟರು ‘ತೇಳ್’ ಎನ್ನುತ್ತಿದ್ದರು. ಮಾತು ಮೂರಾದರೂ ಹುಡುಗರಾದ ನಮಗೆ ಗೊಂದಲವೇನೂ ಆಗುತ್ತಿರಲಿಲ್ಲ. ಯಾರು ಯಾವ ನುಡಿಯಲ್ಲಿ ಕೂಗಿದರೂ ಕೈ ಹಿಂದಕ್ಕೆ ಬರುತ್ತಿತ್ತು.

ಆ ಮೂರು ಉಲಿಗಳೂ ಒಂದೇ ಪದ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ನಿಘಂಟು ತೆರೆದಾಗ. ಬರೋ ಮತ್ತು ಎಮೆನೋ ಅವರು 1961ರಲ್ಲಿ ಹೊರತಂದು 1984ರಲ್ಲಿ ಪರಿಷ್ಕರಿಸಿದ ದ್ರಾವಿಡ ಪದಮೂಲಗಳ ನಿಘಂಟಿನಲ್ಲಿ ಚೇಳಿನ ಕುಟುಂಬ ಒಂದೇ ಕಡೆ ನೆರೆದಿದೆ. ತಮಿಳು, ಮಲಯಾಳಗಳ ತೇಳ್, ಕನ್ನಡದ ತೇಳ್ ಮತ್ತು ಚೇಳ್, ತುಳುವಿನಲ್ಲೂ ಹೀಗೆಯೇ ಎರಡು ರೂಪ, ತೆಲುಗಿನ ತೇಲು. ಈ ಸಾಲು ದಕ್ಷಿಣಕ್ಕೇ ಮುಗಿಯುವುದಿಲ್ಲ. ಬಲೂಚಿಸ್ತಾನದ ಒಣ ಗುಡ್ಡಗಳಲ್ಲಿ ಕುರಿ ಮೇಯಿಸಿಕೊಂಡಿರುವ ಬ್ರಾಹುಯಿ ಜನ ಬಹಳ ಕಾಲದಿಂದ ನಮ್ಮಿಂದ ದೂರವಾಗಿ ಇರಾನಿ ನುಡಿಗಳ ನಡುವೆ ಬದುಕಿದವರು. ಅವರ ಮಾತಿನಲ್ಲಿ ಮೂಲ ದ್ರಾವಿಡ ಪದಗಳು ಉಳಿದಿರುವುದೇ ಕಡಿಮೆ. ಹಾಗೆ ಉಳಿದವುಗಳಲ್ಲಿ ಚೇಳೂ ಒಂದು. ಅವರು ಅದನ್ನು ‘ತೇಲ್ಹ್’ ಎನ್ನುತ್ತಾರೆ.

ಹಾಗಾದರೆ ಮೂಲ ರೂಪ ‘ತೇಳ್’ ಎಂದಾಯಿತು. ಅದರ ‘ತ’ ಕನ್ನಡದಲ್ಲಿ ‘ಚ’ ಆದದ್ದು ಹೇಗೆ? ‘ತ’ ಎನ್ನುವಾಗ ನಾಲಿಗೆಯ ತುದಿ ಹಲ್ಲಿಗೆ ತಾಗುತ್ತದೆ. ಅದರ ಬೆನ್ನಿಗೇ ಬರುವ ‘ಏ’ಗೆ ನಾಲಿಗೆಯ ನಡುಭಾಗ ಅಂಗುಳಿನ ಕಡೆ ಏಳಬೇಕು. ಬಾಯಿ ಈ ಎರಡು ಕೆಲಸಗಳನ್ನು ಒಂದರೊಳಗೊಂದು ಮಾಡಿಬಿಟ್ಟರೆ ‘ಚ’ ಹುಟ್ಟುತ್ತದೆ. ವಿದ್ಯೆ ಹಳಗನ್ನಡದಲ್ಲಿ ಬಿಜ್ಜೆಯಾದದ್ದೂ, ಸತ್ಯ ಪ್ರಾಕೃತದಲ್ಲಿ ಸಚ್ಚವಾದದ್ದೂ, ತಮಿಳರ ಐಂದು ಆಡುಮಾತಿನಲ್ಲಿ ಅಂಜು ಆಗುವುದೂ ಇದೇ ಅಂಗುಳಿನ ಸೆಳೆತದಿಂದ.

ಆದರೆ ಕೋಲಾರದ ಸೀಮೆಯವರಿಗೆ ಇಲ್ಲೊಂದು ಅಚ್ಚರಿ ಇದೆ. ನಮ್ಮಲ್ಲಿ ಕನ್ನಡ, ತೆಲುಗು ಎರಡನ್ನೂ ಆಡುವವರು ಒಂದು ಲೆಕ್ಕವನ್ನು ಕಿವಿಯಿಂದಲೇ ಕಲಿತಿರುತ್ತಾರೆ. ಕನ್ನಡದಲ್ಲಿ ‘ಕ’ ಇದ್ದ ಎಷ್ಟೋ ಕಡೆ ತೆಲುಗಿನಲ್ಲಿ ‘ಚ’ ಬರುತ್ತದೆ ಎಂಬ ಲೆಕ್ಕ ಅದು. ನಮ್ಮ ಕೆರೆ ಅವರಿಗೆ ಚೆರುವು, ನಮ್ಮ ಕಿವಿ ಅವರಿಗೆ ಚೆವಿ, ನಮ್ಮ ಕೈ ಅವರಿಗೆ ಚೆಯ್ಯಿ. ಅಂಗುಳಿನ ಕಡೆಗೆ ಸರಿದದ್ದು ತೆಲುಗು, ಹಳೆಯದನ್ನು ಹಿಡಿದು ಕೂತದ್ದು ಕನ್ನಡ. ಚೇಳಿನ ವಿಷಯದಲ್ಲಿ ಇದು ತಿರುಗುಮುರುಗಾಗಿದೆ. ಇಲ್ಲಿ ತೆಲುಗು ‘ತ’ವನ್ನು ಕಾಪಾಡಿಕೊಂಡಿದೆ, ಕನ್ನಡ ‘ಚ’ಕ್ಕೆ ಜಾರಿದೆ. ಯಾವ ನುಡಿಯೂ ಎಲ್ಲ ಪದಗಳಲ್ಲೂ ಹಿರಿಯನಾಗಿ ಉಳಿಯುವುದಿಲ್ಲ. ಒಂದು ಪದದಲ್ಲಿ ಅಣ್ಣನಾದದ್ದು ಮತ್ತೊಂದರಲ್ಲಿ ತಮ್ಮನಾಗಿರುತ್ತದೆ.

ಪದದ ಕೊನೆಯಲ್ಲಿ ಮಾತ್ರ ಹಿರಿತನ ಮತ್ತೆ ಕನ್ನಡಕ್ಕೆ ಬರುತ್ತದೆ. ಮೂಲದ ‘ಳ’ವನ್ನು ತೆಲುಗು ‘ಲ’ ಮಾಡಿತು, ಕನ್ನಡ ಹಾಗೆಯೇ ಇಟ್ಟುಕೊಂಡಿತು. ತೋಳ್ ತೋಳು ಆದಂತೆ, ಬಾಳ್ ಬಾಳು ಆದಂತೆ, ನಡುಗನ್ನಡದ ಹೊತ್ತಿಗೆ ಚೇಳ್ ಎಂಬುದರ ಕೊನೆಗೆ ‘ಉ’ ಸೇರಿ ಚೇಳು ಆಯಿತು, ಅಷ್ಟೆ. ತೆಲುಗಿನಲ್ಲೂ ಆ ‘ಳ’ ಸತ್ತಿಲ್ಲ. ಒಂದು ತೇಲು ಇದ್ದದ್ದು ಹಲವಾದಾಗ ‘ತೇಳ್ಳು’ ಎನ್ನುತ್ತಾರೆ. ಏಕವಚನದಲ್ಲಿ ಅಡಗಿಕೊಂಡ ಅಕ್ಷರ ಬಹುವಚನದಲ್ಲಿ ಎದ್ದು ಬರುತ್ತದೆ. ಅವ್ವನ ಬಾಯಲ್ಲಿ ಈ ಎರಡನ್ನೂ ಕೇಳಿದವನು ನಾನು. ಹಳೆಯ ‘ಳ’ ಆ ಮಾತಿನೊಳಗೆ ಜೀವಂತವಾಗಿತ್ತು ಎಂಬುದು ಈಗ ನೆನೆದರೆ ಮೈ ನವಿರೇಳುತ್ತದೆ.

ಸಂಸ್ಕೃತದ ವೃಶ್ಚಿಕ ಕನ್ನಡಕ್ಕೆ ಬಂದು ಶತಮಾನಗಳೇ ಆಗಿವೆ. ಕತ್ತರಿಸು ಎಂಬರ್ಥದ ಧಾತುವಿನಿಂದ ಹೊರಟ ಆ ಪದ ಉತ್ತರದಲ್ಲಿ ಸವೆದು ಹಿಂದಿಯ ಬಿಚ್ಛು, ಮರಾಠಿಯ ವಿಂಚು ಆಯಿತು. ಕನ್ನಡದಲ್ಲಿ ಅದು ಸವೆಯಲಿಲ್ಲ, ಏಕೆಂದರೆ ಬಳಕೆಯ ಅಂಗಳಕ್ಕೆ ಇಳಿಯಲೇ ಇಲ್ಲ. ಪಂಚಾಂಗದಲ್ಲಿ ವೃಶ್ಚಿಕ ರಾಶಿಯಾಗಿ ನಿಂತಿತು. ಅನುರಾಧಾ, ಜ್ಯೇಷ್ಠಾ ನಕ್ಷತ್ರಗಳು ಆ ಆಕಾಶದ ಚೇಳಿನ ಮೈಯಲ್ಲಿವೆ. ಬಾಲದ ತುದಿಯಲ್ಲಿ ಹೊಳೆಯುವುದು ಮೂಲಾ, ಆದರೆ ಜ್ಯೋತಿಷದ ಲೆಕ್ಕದಲ್ಲಿ ಅದು ಧನು ರಾಶಿಯ ಪಾಲು. ಆಕಾಶಕ್ಕೆ ವೃಶ್ಚಿಕ, ಸೌದೆಯ ರಾಶಿಗೆ ಚೇಳು ಎಂದು ಕೆಲಸ ಹಂಚಿಹೋಯಿತು.

ಕನ್ನಡ ಸಾವಿರಾರು ಸಂಸ್ಕೃತ ಪದಗಳನ್ನು ತನ್ನದಾಗಿಸಿಕೊಂಡ ಭಾಷೆ. ಆದರೂ ಹಾವು, ಚೇಳು, ಇರುವೆ, ನೊಣಗಳ ಜಾಗಕ್ಕೆ ಸರ್ಪ, ವೃಶ್ಚಿಕ, ಪಿಪೀಲಿಕೆ, ಮಕ್ಷಿಕಗಳು ಬರಲಾಗಲಿಲ್ಲ. ನನಗೆ ಕಾಣುವ ಕಾರಣ ಇದು: ಚೇಳು ಎಂಬುದು ಹೆಸರಿಗಿಂತ ಹೆಚ್ಚಾಗಿ ಕೂಗು. ಕತ್ತಲಲ್ಲಿ ಮಗುವಿನ ಕಾಲಿನ ಹತ್ತಿರ ಏನೋ ಸರಿದಾಗ ತಾಯಿಯ ಉಸಿರಿಗೆ ಒಂದು ಗೇಣಿನ ಪದ ಬೇಕು. ಅದು ಕೇಳುವವನ ಕಿವಿಯಲ್ಲಿ ಹುಟ್ಟಿದಾಗಿನಿಂದ ಇದ್ದ ಪದವಾಗಿರಬೇಕು. ಅಂಥ ಹೊತ್ತಿನಲ್ಲಿ ಯಾರೂ ಹೊಸ ಪದ ಹುಡುಕುವುದಿಲ್ಲ. ನಾಲ್ಕಾರು ಸಾವಿರ ವರ್ಷ ಒಬ್ಬ ತಾಯಿಯಿಂದ ಇನ್ನೊಬ್ಬ ತಾಯಿಗೆ ಈ ಪದ ದಾಟಿ ಬಂದದ್ದು ಕೂಗಾಗಿಯೇ.

ಚೇಳಿನ ಜೊತೆಗೆ ಬರುವ ಮಾತುಗಳೂ ಇಷ್ಟೇ ಹಳೆಯವು. ಹಾವು ಕಚ್ಚುತ್ತದೆ, ಚೇಳು ಕುಟುಕುತ್ತದೆ. ಹಕ್ಕಿ ಕಾಳು ಕುಟುಕುವ ಹಾಗೆ ಮೇಲಿನಿಂದ ಕೆಳಕ್ಕೆ ಒಂದು ಚುಚ್ಚು. ತಮಿಳಿನಲ್ಲಿ ಇದೇ ‘ಕೊಟ್ಟು’, ತೆಲುಗಿನಲ್ಲಿ ‘ಕುಟ್ಟು’. ತೆಲುಗಿನವರಿಗೆ ಬಟ್ಟೆ ಹೊಲಿಯುವುದೂ ಕುಟ್ಟುವುದೇ, ಸೂಜಿಯ ಕೆಲಸಕ್ಕೂ ಚೇಳಿನ ಕೆಲಸಕ್ಕೂ ಒಂದೇ ಕ್ರಿಯಾಪದ. ಕುಟುಕುವ ಅಂಗಕ್ಕೆ ನಮ್ಮಲ್ಲಿ ಕೊಂಡಿ ಎಂದು ಹೆಸರು. ಬಾಗಿಲ ಚಿಲಕದ ಕೊಂಡಿಯೂ, ಸರದ ಕೊಂಡಿಯೂ ಅದೇ ಪದ. ಬಾಗಿದ್ದು, ಸಿಕ್ಕಿಸಿಕೊಳ್ಳುವುದು ಎಂಬ ಆಕಾರವೇ ಆ ಅರ್ಥಗಳನ್ನೆಲ್ಲ ಹಿಡಿದಿದೆ. ಈಗ ಜಾಲತಾಣದ ಪುಟದಿಂದ ಪುಟಕ್ಕೆ ಒಯ್ಯುವ ಗೆರೆಗೂ ಕನ್ನಡಿಗರು ಕೊಂಡಿ ಎಂದೇ ಹೆಸರಿಟ್ಟಿದ್ದಾರೆ. ಫೋನಿನಲ್ಲಿ “ಕೊಂಡಿ ಕಳಿಸು” ಎನ್ನುವ ಹುಡುಗಿಗೆ ಚೇಳಿನ ಬಾಲ ನೆನಪಾಗಬೇಕಿಲ್ಲ. ಪದಗಳು ಬದುಕುವುದೇ ಹೀಗೆ, ತಮ್ಮ ಹಳೆಯ ಮನೆಯನ್ನು ಮರೆಸಿಕೊಂಡು.

ಚೇಳು ತನ್ನ ಹೆಸರನ್ನು ಬೇರೆ ಜೀವಗಳಿಗೂ ಕೊಟ್ಟಿದೆ. ಕೆರೆಯ ಅಂಗಳದಲ್ಲಿ ನೀರು ಇಂಗಿದ ಮೇಲೆ ಏಳುವ ಒಂದು ಒರಟು ಎಲೆಯ ಗಿಡದ ಹೂಗೊಂಚಲು ತುದಿಯಲ್ಲಿ ಸುರುಳಿ ಸುತ್ತಿರುತ್ತದೆ. ಅದು ಚೇಳುಕೊಂಡಿ ಗಿಡ, ತಮಿಳರ ತೇಳ್‌ಕೊಡುಕ್ಕು. ಕೆರೆಯ ಕೆಸರಿನಲ್ಲಿ ಕೈಯಾಡಿಸುವವರಿಗೆ ಈಜುರೆಕ್ಕೆಯ ಮುಳ್ಳಿನಿಂದ ಚುಚ್ಚುವ ಕರಿಯ ಮೀನು ಚೇಳುಮೀನು, ತಮಿಳಿನಲ್ಲಿ ತೇಳಿ. ಹಳೇ ಮೈಸೂರಿನ ಕೆಲವೆಡೆ ನೂರು ಕಾಲಿನ ಜರಿಯನ್ನು ಲಕ್ಷ್ಮೀಚೇಳು ಎನ್ನುತ್ತಾರೆ. ಭಯ ಪಡಬೇಕಾದದ್ದಕ್ಕೆ ದೇವರ ಹೆಸರು ಸೇರಿಸಿ ಸಮಾಧಾನ ಪಡಿಸುವುದು ನಮ್ಮವರ ಕ್ರಮ.

ಆ ಕ್ರಮದ ದೊಡ್ಡ ಸಾಕ್ಷಿ ಕೋಲಾರ ಪಟ್ಟಣದಲ್ಲೇ ಇದೆ. ಕೋಲಾರಮ್ಮನ ಗುಡಿಯ ಆವರಣದಲ್ಲಿ ಚೇಳಮ್ಮ ಇದ್ದಾಳೆ. ಚೇಳಿಗೇ ‘ಅಮ್ಮ’ ಸೇರಿಸಿ ಮಾಡಿದ ದೇವಿ. ಇವಳಿಗೆ ನಡೆದುಕೊಂಡವರಿಗೆ ಚೇಳಿನ ಕಾಟವಿಲ್ಲ ಎಂಬ ನಂಬಿಕೆ ಸುತ್ತಿನ ತಾಲ್ಲೂಕುಗಳಲ್ಲಿ ಗಟ್ಟಿಯಾಗಿದೆ. ಅವಳ ಸನ್ನಿಧಿಯಲ್ಲಿ ಹುಂಡಿ ಎಂದರೆ ನೆಲದಲ್ಲಿ ತೋಡಿದ ಗುಂಡಿ. ಬಂದವರು ಅದರೊಳಕ್ಕೆ ನಾಣ್ಯ ಹಾಕುತ್ತಾರೆ. ತಲೆಮಾರುಗಳಿಂದ ಹೀಗೆ ಕಾಣಿಕೆ ಬೀಳುತ್ತ ಬಂದಿದೆ ಎಂಬುದು ಭಕ್ತರ ಮಾತು. ಚೇಳು ಇರುವುದು ನೆಲದ ಬಿಲದಲ್ಲಿ, ಅದರ ತಾಯಿಗೆ ಒಪ್ಪಿಸುವುದೂ ನೆಲದ ಬಿಲಕ್ಕೇ. ಇದೇ ಗುಡಿಯಲ್ಲಿ 11ನೆಯ ಶತಮಾನದ ಚೋಳರ ಕಾಲದ ತಮಿಳು ಶಾಸನಗಳಿವೆ. ಗುಡಿಗೆ ಬರುವವರಲ್ಲಿ ಎಷ್ಟೋ ಜನರ ಮನೆಮಾತು ಇಂದೂ ತೆಲುಗು. ಆದರೆ ದೇವಿಯ ಹೆಸರು ತೇಲಮ್ಮ ಆಗಲಿಲ್ಲ, ಚೇಳಮ್ಮ ಎಂದೇ ನಿಂತಿತು. ಕನ್ನಡದ ಬಾಯಲ್ಲಿ ‘ತ’ ‘ಚ’ ಆಗಿಹೋದ ಆ ಸಣ್ಣ ಹೊರಳು ಇಲ್ಲಿ ಒಬ್ಬ ದೇವಿಯ ಹೆಸರಾಗಿ ಕೂತಿದೆ.

ಗಾದೆಗಳಲ್ಲಂತೂ ಚೇಳು ಮೂರು ನುಡಿಗಳ ನಡುವೆ ಸರಾಗ ಓಡಾಡುತ್ತದೆ. ಕಳ್ಳನಿಗೆ ಚೇಳು ಕಡಿದ ಹಾಗೆ ಎಂದು ನಾವು ಹೇಳುತ್ತೇವೆ. ಅವನಿಗೆ ಕೂಗುವ ಹಾಗಿಲ್ಲ, ತಡೆಯುವ ಹಾಗೂ ಇಲ್ಲ. ತೆಲುಗಿನವರ ತೇಲು ಕುಟ್ಟಿದ ದೊಂಗನೂ ತಮಿಳರ ತೇಳ್ ಕೊಟ್ಟಿದ ತಿರುಡನೂ ಅವನೇ. ಚೇಳಿಗೆ ಪಾರುಪತ್ಯ ಕೊಟ್ಟ ಹಾಗೆ ಎನ್ನುವುದು ಅಧಿಕಾರ ಸಿಕ್ಕ ಕೆಟ್ಟವನ ಮೇಲೆ. ಹೆಂಡ ಕುಡಿದ ಕೋತಿಗೆ ಚೇಳು ಕಡಿದರೆ ಏನಾಗುತ್ತದೆ ಎಂಬುದನ್ನು ಯಾರೂ ನೋಡಿರಲಿಕ್ಕಿಲ್ಲ, ಆದರೂ ಎಲ್ಲರಿಗೂ ಗೊತ್ತು. ಈ ಗಾದೆಗಳಲ್ಲೆಲ್ಲ ಚೇಳಿನ ಗುಣ ಒಂದೇ: ಅದು ಆಳೆತ್ತರ ನೋಡುವುದಿಲ್ಲ.

ಆವನಿಯಲ್ಲಿ ನಿಂತು ಚೇಳಿನ ಬಗ್ಗೆ ಯೋಚಿಸಿದರೆ ಇನ್ನೊಂದು ಎಳೆ ಕೈಗೆ ಸಿಗುತ್ತದೆ. ನೊಳಂಬರ ಕಾಲದಿಂದ ನಿಂತಿರುವ ರಾಮಲಿಂಗೇಶ್ವರ, ಲಕ್ಷ್ಮಣಲಿಂಗೇಶ್ವರ, ಭರತ, ಶತ್ರುಘ್ನರ ಗುಡಿಗಳು ಕೆಳಗೆ, ಸೀತೆಯ ಗುಡಿ ಬೆಟ್ಟದ ಮೇಲೆ. ವಾಲ್ಮೀಕಿಯ ಆಶ್ರಮ ಇದೇ, ಲವಕುಶರು ಹುಟ್ಟಿದ್ದು ಇಲ್ಲೇ ಎಂಬುದು ಊರಿನ ನಂಬಿಕೆ. ಶೃಂಗೇರಿಯ ಪರಂಪರೆಯ ಒಂದು ಮಠವೂ ಇಲ್ಲಿದೆ. ಆ ಪರಂಪರೆಯ ಮೂಲಗುರು ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಚೈತನ್ಯದಿಂದ ಜಡ ಜಗತ್ತು ಹುಟ್ಟೀತೇ ಎಂಬ ಪ್ರಶ್ನೆಗೆ ಉತ್ತರ ಕೊಡುವಾಗ ಒಂದು ನಿದರ್ಶನ ಹಿಡಿಯುತ್ತಾರೆ: ಜಡವಾದ ಸಗಣಿಯಿಂದ ಚೇಳು ಹುಟ್ಟುವುದು ಕಾಣುತ್ತದಲ್ಲ. ಅವರಿಗೂ ಬಹಳ ಹಿಂದೆ ಪತಂಜಲಿ ವ್ಯಾಕರಣದ ಒಂದು ಸೂತ್ರಕ್ಕೆ ಇದೇ ಉದಾಹರಣೆ ಕೊಟ್ಟಿದ್ದ. ನಮ್ಮ ಹಳ್ಳಿಗಳಲ್ಲಿ ಬೆರಣಿ ತೆಗೆಯುವ ಹೆಂಗಸರು ಇಂದೂ ಇದನ್ನು ಹೇಳುತ್ತಾರೆ.

ಈ ಮಾತು ಹುಟ್ಟಿದ್ದು ಕಂಡದ್ದರಿಂದಲೇ. ಬೆರಣಿಯ ಗೂಡಿನಲ್ಲಿ ಚೇಳು ನಿಜಕ್ಕೂ ಇರುತ್ತದೆ. ಅಲ್ಲಿ ತಂಪು, ಕತ್ತಲು, ತಿನ್ನಲು ಜಿರಲೆ ಮತ್ತು ಹುಳು. ಅದು ಮೊಟ್ಟೆ ಇಟ್ಟದ್ದನ್ನು ಯಾರೂ ನೋಡಿಲ್ಲ, ಏಕೆಂದರೆ ಚೇಳು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಬಿಳಿಯ, ಮೆತ್ತನೆಯ ಮರಿಗಳು ಹುಟ್ಟಿದ ಕೂಡಲೇ ತಾಯಿಯ ಬೆನ್ನೇರುತ್ತವೆ. ಮೊದಲ ಸಲ ಪೊರೆ ಕಳಚುವವರೆಗೆ ಅಲ್ಲೇ ಇರುತ್ತವೆ. ಮರಿಗಳು ತಾಯಿಯ ಹೊಟ್ಟೆ ಸೀಳಿ ಬರುತ್ತವೆ, ತಾಯಿಯನ್ನೇ ತಿನ್ನುತ್ತವೆ ಎಂಬ ಮಾತು ನಮ್ಮ ಕಡೆ ಕೇಳುವುದುಂಟು. ಅದು ನಿಜವಲ್ಲ. ಬೆನ್ನ ತುಂಬ ಮರಿ ಹೊತ್ತು ಎಚ್ಚರದಿಂದ ಹೆಜ್ಜೆ ಇಡುವ ಆ ತಾಯಿಯನ್ನು ಒಮ್ಮೆ ಕಂಡವರು ಆ ಮಾತನ್ನು ಮತ್ತೆ ಆಡಲಾರರು.

ಚೇಳಿನ ಕುಲ ಈ ನೆಲದಲ್ಲಿ ಕಾಲಿಟ್ಟು 40 ಕೋಟಿ ವರ್ಷಕ್ಕೂ ಮೇಲಾಯಿತು. ಲೋಕದಲ್ಲಿ ಅದರ ಪ್ರಭೇದಗಳು 2,500ಕ್ಕೂ ಹೆಚ್ಚು. ಹೊಟ್ಟೆಯ ಅಡಿಯಲ್ಲಿ ಎರಡು ಬಾಚಣಿಗೆಗಳಿದ್ದು ಅವುಗಳಿಂದ ನೆಲವನ್ನು ಸವರಿ ವಾಸನೆ ಹಿಡಿಯುತ್ತದೆ. ನೇರಳಾತೀತ ಬೆಳಕು ಬಿದ್ದರೆ ಮೈಯೆಲ್ಲ ಹಸಿರು ನೀಲಿಯಾಗಿ ಹೊಳೆಯುತ್ತದೆ. ಆವನಿಯಂಥ ಬೋಳು ಬಂಡೆಯ ಬೆಟ್ಟಗಳು ಅದಕ್ಕೆ ಹೇಳಿ ಮಾಡಿಸಿದ ಮನೆ. ಬಿಸಿಲಿಗೆ ಹಿಗ್ಗಿ, ಇರುಳಿಗೆ ಕುಗ್ಗಿ ಬಂಡೆ ಪದರ ಪದರವಾಗಿ ಏಳುತ್ತದೆ, ಆ ಪದರಗಳ ನಡುವೆ ಬೆರಳು ಹಿಡಿಯುವಷ್ಟು ಸಂದು ಉಳಿಯುತ್ತದೆ.

ಚೇಳಿನ ಎಂಟು ಕಾಲಿನ ಬಳಗದಲ್ಲಿ ಕನ್ನಡದ ಹೆಸರೇ ಸಿಗದ ಒಬ್ಬ ನಂಟನಿದ್ದಾನೆ. ಮಲೆನಾಡಿನ ತೇವದ ಬಂಡೆಯಡಿ, ತರಗೆಲೆಯ ನಡುವೆ, ಕಾಳಿನಷ್ಟು ಮೈಗೆ ಕೂದಲಿನಷ್ಟು ತೆಳುವಾದ ಉದ್ದುದ್ದ ಕಾಲು ಹೊತ್ತು ತೂಗಾಡುತ್ತ ನಡೆಯುವ ಜೀವಿ. ನಾವು ಅದನ್ನೂ ಜೇಡ ಎಂದುಬಿಡುತ್ತೇವೆ. ಆದರೆ ಜೇಡ ಎಂದರೆ ನೇಕಾರ. ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಆ ಅರ್ಥವೇ. ತೆಲುಗಿನ ಸಾಲೆಪುರುಗೂ ನೇಯುವ ಹುಳುವೇ. ಈ ಉದ್ದ ಕಾಲಿನದು ನೇಯುವುದಿಲ್ಲ, ಅದಕ್ಕೆ ನೂಲಿಲ್ಲ, ಬಲೆಯಿಲ್ಲ. ವಿಷವೂ ಇಲ್ಲ. ಜೇಡಕ್ಕಿರುವ ಸೊಂಟ ಇದಕ್ಕಿಲ್ಲ, ಎದೆ ಹೊಟ್ಟೆ ಬೆಸೆದು ಒಂದೇ ಗುಂಡು. ತಲೆಯ ಮೇಲೆ ಗುಬಟು, ಬಹಳಷ್ಟು ಜಾತಿಗಳಲ್ಲಿ ಆ ಗುಬಟಿನ ಎರಡು ಬದಿಗೆ ಎರಡೇ ಕಣ್ಣು. ಶತ್ರು ಹಿಡಿದರೆ ಒಂದು ಕಾಲನ್ನು ಬಿಟ್ಟು ಓಡುತ್ತದೆ, ಇಲ್ಲವೇ ನಾರುವ ರಸ ಸೂಸುತ್ತದೆ. ಉಷ್ಣವಲಯದ ಕೆಲವು ಜಾತಿಗಳಲ್ಲಿ ಗಂಡೇ ಮೊಟ್ಟೆಗಳ ಕಾವಲು ಕೂರುತ್ತದೆ. ಲೋಕದಲ್ಲಿ ಇವುಗಳ ಪ್ರಭೇದಗಳು 6,500ಕ್ಕೂ ಹೆಚ್ಚು, ಚೇಳಿನ ಎರಡು ಪಟ್ಟಿಗೂ ಮೀರಿ. ಬಹುಪಾಲು ಇರುವುದು ಉಷ್ಣವಲಯದ ಕಾಡುಗಳಲ್ಲೇ. ಸುಂಡೆವಾಲ್ ಎಂಬ ಸ್ವೀಡನ್ನಿನ ವಿದ್ವಾಂಸ 1833ರಲ್ಲಿ ಈ ಗಣಕ್ಕೆ ಲ್ಯಾಟಿನ್ನಿನ ಕುರಿಗಾಹಿಯ ಹೆಸರಿಟ್ಟ. ಇಂಗ್ಲಿಷಿನವರು ಸುಗ್ಗಿಯ ಕಾಲದಲ್ಲಿ ಕಾಣುತ್ತದೆಂದು ಕೊಯ್ಲಿನವನು ಎಂದು ಕರೆದರು. ನಮ್ಮಲ್ಲಿ ಅದಕ್ಕೆ ಹೆಸರಿಡುವ ಜರೂರು ಯಾರಿಗೂ ಬೀಳಲಿಲ್ಲ, ಏಕೆಂದರೆ ಅದನ್ನು ಕಂಡು ಯಾರೂ ಕೂಗಬೇಕಾಗಿ ಬರಲಿಲ್ಲ.

ಕೂಗಬೇಕಾಗಿ ಬಂದ ಚೇಳಿಗೂ ನಮ್ಮ ಹೆಸರು ಸಾಲದಾದ ಒಂದು ಕಡೆ ಇದೆ. ಚೇಳು ಎಂಬ ಒಂದೇ ಪದದಡಿ ನಾವು ಎರಡು ಬಗೆಯನ್ನು ಸೇರಿಸುತ್ತೇವೆ. ಅಂಗೈಯಗಲದ ಕರಿ ಚೇಳು ನೋಡಲು ಭಯಂಕರ, ಅದರ ಕೊಂಬು ದಪ್ಪ. ಆದರೆ ಅದು ಕುಟುಕಿದರೆ ನೋವು ಹೆಚ್ಚು, ಜೀವಕ್ಕೆ ಅಪಾಯ ಕಡಿಮೆ. ಕೆಂಪು ಚೇಳು ಬೆರಳುದ್ದದ್ದು, ಕೊಂಬು ಸಣಕಲು, ಬಾಲ ದಪ್ಪ. ಜೀವ ತೆಗೆಯಬಲ್ಲದ್ದು ಅದು. ಫ್ಯಾಬ್ರಿಷಿಯಸ್ 1798ರಲ್ಲಿ ಅದನ್ನು ವಿವರಿಸಿ ‘ಟಾಮುಲಸ್’ ಎಂದು ಹೆಸರಿಟ್ಟಾಗ ತಮಿಳು ನಾಡಿನ ಹೆಸರು ಶಾಸ್ತ್ರದ ಪಟ್ಟಿ ಸೇರಿತು. ಅದರ ವಿಷ ನರಗಳಲ್ಲಿ ಸೋಡಿಯಂ ಒಳಬರುವ ಬಾಗಿಲುಗಳನ್ನು ಮುಚ್ಚಗೊಡದೆ ಹಿಡಿಯುತ್ತದೆ. ಮೈಯಲ್ಲಿ ಅಡ್ರಿನಲಿನ್ ಉಕ್ಕುತ್ತದೆ. ಬೆವರು ಸುರಿದು, ವಾಂತಿಯಾಗಿ, ಅಂಗೈ ಅಂಗಾಲು ತಣ್ಣಗಾಗಿ, ರಕ್ತದೊತ್ತಡ ಏರಿ, ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮಕ್ಕಳಿಗೆ ಅಪಾಯ ಹೆಚ್ಚು.

14ನೆಯ ಶತಮಾನದಲ್ಲೇ ಮಂಗರಾಜ ‘ಖಗೇಂದ್ರಮಣಿದರ್ಪಣ’ ಎಂದು ವಿಷವೈದ್ಯಕ್ಕೆಂದೇ ಒಂದು ಕನ್ನಡ ಗ್ರಂಥ ಬರೆದ. ವಿಷದ ಚಿಂತೆ ನಮ್ಮ ಭಾಷೆಗೆ ಅಷ್ಟು ಹಳೆಯದು. ಕೆಂಪು ಚೇಳಿಗೆ ಗಟ್ಟಿ ಉತ್ತರ ಸಿಕ್ಕಿದ್ದು ಮಾತ್ರ ನಮ್ಮ ಕಾಲದಲ್ಲಿ. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡದ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್ 1982ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಲಕ್ಷಣಗಳನ್ನು ವಿವರಿಸಿದರು. ರಕ್ತದೊತ್ತಡಕ್ಕೆ ಕೊಡುತ್ತಿದ್ದ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆಯನ್ನು ಆ ದಶಕದಲ್ಲೇ ಚೇಳು ಕಡಿದವರಿಗೆ ಕೊಟ್ಟು ನೋಡಿದರು. ಬಿಗಿದ ರಕ್ತನಾಳಗಳು ಸಡಿಲಿದವು. ನೂರಕ್ಕೆ ಮೂವತ್ತು ನಲವತ್ತರಷ್ಟಿದ್ದ ಸಾವು ಒಂದೆರಡಕ್ಕೆ ಇಳಿಯಿತು. ಮುಂದೆ ಪ್ರತಿವಿಷವೂ ಅದರ ಜೊತೆಗೂಡಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಆದ್ದರಿಂದ ನಮ್ಮ ಹಳೆಯ ಕೂಗಿಗೆ ಇನ್ನು ಎರಡು ಮಾತು ಸೇರಿಸಬೇಕಾಗಿದೆ. ಬರೀ “ಚೇಳು ಕಡೀತು” ಅಲ್ಲ, “ಕೆಂಪು ಚೇಳು ಕಡೀತು, ಆಸ್ಪತ್ರೆಗೆ ನಡೀರಿ.” ಚೇಳಮ್ಮನಿಗೆ ಹೊತ್ತ ಹರಕೆ ಮಗು ಗುಣವಾದ ಮೇಲೂ ತೀರಿಸಬಹುದು. ಮಂತ್ರ ಹಾಕಿಸುವ ಹೊತ್ತನ್ನು ಮಾತ್ರ ವಿಷ ಕಾಯುವುದಿಲ್ಲ.

ನಮ್ಮ ಅವ್ವ ಮಲಗುವ ಮುಂಚೆ ಕಂಬಳಿಯನ್ನು ಮೂರು ಸಲ ಕೊಡವುತ್ತಿದ್ದಳು. ಕೊಡವುವಾಗ ಏನನ್ನೂ ಹೇಳುತ್ತಿರಲಿಲ್ಲ. ಒಂದು ರಾತ್ರಿ ಕಂಬಳಿಯಿಂದ ಸಣ್ಣದೊಂದು ಕೆಂಪು ನೆಲಕ್ಕೆ ಬಿತ್ತು. ಅವಳು “ತೇಲು” ಎಂದಳು, ಪಕ್ಕದಲ್ಲಿದ್ದ ನನ್ನ ತಾಯಿ “ಚೇಳು” ಎಂದಳು. ಎರಡೂ ಒಂದೇ ಉಸಿರಿಗೆ ಬಂದವು. ನಾವು ಮಕ್ಕಳು ಆಗಲೇ ಮಂಚದ ಮೇಲಿದ್ದೆವು.